ತಂಬಿಗೆಯ ಬಾಯಿ, ಬಂಗಡೆಯ ಬೆನ್ನು

ಎದುರಿಗಿಟ್ಟ ವಸ್ತುವನ್ನು ಕಂಡಂತೆ ಬರೆಯುವ ವಸ್ತುಚಿತ್ರ ಕಾರವಾರದ ಕಡೆಯ ಶಾಲೆಗಳಿಗೆ ಬಂದದ್ದು ಮುಂಬಯಿಯ ದಾರಿಯಿಂದ. 1862ರಲ್ಲಿ ಉತ್ತರ ಕನ್ನಡ ಮದ್ರಾಸು ಬಿಟ್ಟು ಮುಂಬಯಿ ಪ್ರಾಂತ್ಯಕ್ಕೆ ಸೇರಿತು, 1956ರವರೆಗೂ ಅಲ್ಲೇ ಇತ್ತು. ಆ ಪ್ರಾಂತ್ಯದ ಚಿತ್ರಕಲೆಯ ಪಾಠಕ್ಕೆ ತಾಯಿಬೇರು 1857ರಲ್ಲಿ ಶುರುವಾದ ಸರ್ ಜೆ.ಜೆ. ಕಲಾಶಾಲೆ. ಇಂದಿಗೂ ನಮ್ಮ ಮಕ್ಕಳು ಕಟ್ಟುವ ಲೋಯರ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗಳಲ್ಲಿ ಅದೇ ಪರಂಪರೆಯ ಗುರುತಿದೆ. ಪ್ರಮಾಣಪತ್ರಕ್ಕೆಂದು ಕಲಿತು ಮರೆಯುವ ವಿದ್ಯೆ ಇದಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ತಾಮ್ರದ ತಂಬಿಗೆಯನ್ನೇ ನೋಡಿ. ಬಾಯಿ ದುಂಡಗಿದೆ ಎಂದು ಗೊತ್ತಿರುವ ಮಗು ಅದನ್ನು ದುಂಡಗೇ ಬರೆಯುತ್ತದೆ; ಮೇಜಿನ ಮೇಲೆ ಕೂತಿದೆ ಎಂದು ಗೊತ್ತಿರುವುದರಿಂದ ತಳಕ್ಕೆ ನೆಟ್ಟಗೆ ಒಂದು ಗೆರೆ ಎಳೆಯುತ್ತದೆ. ಗೊತ್ತಿರುವುದು ಕಾಣುವುದನ್ನು ಮುಚ್ಚುವುದೇ ಇಲ್ಲಿ. ತಂಬಿಗೆಯ ಬಾಯಿ ಕಣ್ಣಿನ ಮಟ್ಟಕ್ಕಿದ್ದರೆ ಬರೀ ಗೆರೆಯಾಗಿ ಕಾಣುತ್ತದೆ. ಕೆಳಗಿಳಿದಷ್ಟೂ ಅಂಡಾಕಾರ ಅಗಲವಾಗುತ್ತ ಹೋಗುತ್ತದೆ. ಹಾಗಾಗಿ ತಳದ ಬಾಗು ಬಾಯಿಯ ಬಾಗಿಗಿಂತ ಹೆಚ್ಚು ತುಂಬಿಕೊಂಡಿರಬೇಕು. ಮೊದಲು ಕಣ್ಣಿನ ಮಟ್ಟದ ಗೆರೆಯನ್ನು ತೆಳುವಾಗಿ ಹಾಕಿಕೊಂಡರೆ ಪರ್ಸ್‌ಪೆಕ್ಟಿವ್‌ನ ಅರ್ಧ ಪಾಠ ಮುಗಿದಂತೆ.

ಇನ್ನು ನೆರಳು-ಬೆಳಕು. ಕಣ್ಣು ಕಿರಿದು ಮಾಡಿ ನೋಡಿದರೆ ಸಣ್ಣಪುಟ್ಟ ವಿವರಗಳೆಲ್ಲ ಕರಗಿ ಕಪ್ಪು, ನಡುಬಣ್ಣ, ಬಿಳುಪಿನ ದೊಡ್ಡ ತುಂಡುಗಳಷ್ಟೇ ಉಳಿಯುತ್ತವೆ. ತಂಬಿಗೆ ಕೆಳಗೆ ಹಾಸಿದ ಬಟ್ಟೆಗೆ ತಾಗುವ ಸಂದಿನಲ್ಲಿ ಕಪ್ಪು ಗಾಢ. ನೆರಳಿನ ಬದಿಯ ಅಂಚಿನಲ್ಲಿ ಬಟ್ಟೆಯಿಂದ ಪುಟಿದ ಮಂದ ಬೆಳಕೂ ಇರುತ್ತದೆ. ಅದನ್ನು ಬೆಳಕಿನ ಬದಿಯಷ್ಟೇ ಬಿಳಿ ಮಾಡಿದರೆ ತಂಬಿಗೆಯ ದುಂಡುತನವೇ ಹೋಯಿತು. ಕರಾವಳಿಯ ಮಳೆಗಾಲದ ಮೋಡದ ಬೆಳಕಿನಲ್ಲಿ ನೆರಳಿನ ಅಂಚು ಸಿಗುವುದಿಲ್ಲ. ಹೊಸಬರು ದಸರೆ ಕಳೆದ ಮೇಲೆ, ಕಡಲ ಕಡೆಯಿಂದ ಓರೆಯಾಗಿ ಬೀಳುವ ಸಂಜೆ ಬಿಸಿಲಿಗೆ ಪಡುವಣ ಕಿಟಕಿಯ ಹತ್ತಿರ ಕೂರುವುದು ಒಳ್ಳೆಯದು.

ಪೆನ್ಸಿಲಿನ ಗೀಟು ವಸ್ತುವಿನ ಮೈಯನ್ನು ಹಿಂಬಾಲಿಸಬೇಕು. ಅರೆ ಸುಲಿದ ತೆಂಗಿನಕಾಯಿಯ ನಾರು ಹರಿದ ದಿಕ್ಕಿಗೇ ಬಿಡಿಬಿಡಿ ಗೀಟು. ತಾಮ್ರಕ್ಕೆ ಒತ್ತಾದ ನಯ ಗೀಟು, ಹೊಳಪಿನ ಜಾಗದಲ್ಲಿ ಖಾಲಿ ಕಾಗದ. 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಅಂಕೋಲೆಯ ಕರಿ ಇಶಾಡು ಮಾವಿಗೆ ಅಂಚಿನ ಗೆರೆಯೇ ಬೇಡ, ಹಿನ್ನೆಲೆಯ ಕಪ್ಪೇ ಅದರ ಅಂಚನ್ನು ಕಾಣಿಸಬೇಕು. ಫ್ರಾನ್ಸಿನ ಸೆಜಾನ್ ಸೇಬುಗಳನ್ನು ಜೀವಮಾನವಿಡೀ ಬರೆದ. ನಮ್ಮ ಮಾವಿಗೂ ಅಂಥ ಗಮನ ಸಲ್ಲಬೇಕು.

ಬಂಗಡೆ ಮೀನು ಮಾತ್ರ ಕಾಯುವುದಿಲ್ಲ. ಬೆನ್ನಿನ ಉದ್ದಕ್ಕೆ ಹರಿದ ಕಪ್ಪು ಪಟ್ಟೆಗಳನ್ನು 4ಬಿ ಪೆನ್ಸಿಲಿನಿಂದ ಹಾಕಿ, ಹೊಟ್ಟೆಯ ಬೆಳ್ಳಿಗೆ ಕಾಗದವನ್ನೇ ಬಿಟ್ಟು, ಕಣ್ಣಿನ ಹೊಳಪು ಮಾಸುವ ಮೊದಲೇ ಮುಗಿಸಬೇಕು. ಆಮೇಲೆ ಅದು ಅಡುಗೆಮನೆಗೆ ಸೇರಿದ್ದು.