ಹುತ್ತದ ಅಣಬೆ: ಕೀಳುವ ಮುಂಚೆ ಬುಡ ನೋಡಿರಿ



ವಸಂತ ಕಾಲದಲ್ಲಿ ಅಣಬೆ ಆರಿಸುವುದು ತಂಪು ನಾಡಿನವರ ಮಾತು. ಕಾಶ್ಮೀರದಲ್ಲಿ ಹಿಮ ಕರಗಿದ ಮೇಲೆ ‘ಗುಚ್ಛಿ’ ಎಂಬ ಭಾರಿ ಬೆಲೆಯ ಅಣಬೆ ಏಳುತ್ತದೆ. ನಮ್ಮ ನಂದೂರ, ಕಮಲಾಪುರದ ಕಡೆ ಚೈತ್ರ-ವೈಶಾಖದಲ್ಲಿ ಎರೆಭೂಮಿ ಬಿರುಕು ಬಿಟ್ಟಿರುತ್ತದೆ. ಅಣಬೆ ಎಲ್ಲಿಂದ ಬರಬೇಕು? ನಮ್ಮದೇನಿದ್ದರೂ ಮಿರಗದ ಮಳೆ ಬಿದ್ದ ಮೇಲೆ. ತೊಗರಿ ಬಿತ್ತಲು ಕೂರಿಗೆ ಹೊರಬೀಳುವ ಹೊತ್ತಿಗೆ ಬದುವಿನ ಹುತ್ತದ ಮೇಲೂ ಬೆಳ್ಳಗೆ ಕೊಡೆ ಬಿಚ್ಚಿರುತ್ತದೆ.

ಗುಡುಗಿಗೆ ಅಣಬೆ ಏಳುತ್ತದೆಂದು ಹಿರಿಯರು ಹೇಳುವುದುಂಟು. ಅಸಲು ಸಂಗತಿ ಬೇರೆ. ಗೆದ್ದಲು ಒಣ ಕಡ್ಡಿ, ಕಸ ತಿಂದು, ಅದರಿಂದ ಹುತ್ತದೊಳಗೆ ಜೇನುಹುಟ್ಟಿನಂಥ ಗೂಡು ಕಟ್ಟುತ್ತದೆ. ಅದರ ಮೇಲೆ ಒಂದು ಬಗೆಯ ಬೂಷ್ಟು ಬೆಳೆಸಿ ಉಣ್ಣುತ್ತದೆ. ಅದೂ ಒಕ್ಕಲುತನವೇ ನೋಡಿರಿ! ಮಳೆನೀರು ಇಳಿದಾಗ ಆ ಬೂಷ್ಟೇ ಅಣಬೆಯಾಗಿ ಮಣ್ಣು ಸೀಳಿ ಬರುತ್ತದೆ. ಆದ್ದರಿಂದ ಹುತ್ತದ ಅಣಬೆಯ ದಂಟು ಬೇರಿನಂತೆ ಗೂಡಿನವರೆಗೂ ಇಳಿದಿರುತ್ತದೆ. ಕೊಡೆಯ ನಡುವೆ ಮೊನೆ ಇರುತ್ತದೆ.

ತಿಪ್ಪೆಯ ಮಗ್ಗುಲಲ್ಲಿ, ಹುಲ್ಲಿನಲ್ಲಿ ಏಳುವ ದೊಡ್ಡ ಬಿಳಿ ಅಣಬೆ ಬೇರೆ ಜಾತಿಯದು. ಕೊಡೆಯ ಮೇಲೆ ಕಂದು ಹಕ್ಕಳೆ ಇರುತ್ತವೆ. ಅಡಿಯ ಪದರು ಎಳೆಯದಿದ್ದಾಗ ಬಿಳಿ, ಬಲಿತ ಮೇಲೆ ಹಸಿರು. ಮೋಸವಾಗುವುದು ಎಳೆಯದರಲ್ಲೇ. ತಿಂದ ಕೆಲವೇ ತಾಸಿನಲ್ಲಿ ವಾಂತಿ-ಭೇದಿ ಹಿಡಿಯುತ್ತದೆ. ಇದಕ್ಕಿಂತಲೂ ಕೆಟ್ಟದ್ದು ಬುಡಕ್ಕೆ ಚೀಲದಂಥ ಪೊರೆ ಇರುವ ಜಾತಿ. ಅದರಲ್ಲಿ ಪ್ರಾಣ ತೆಗೆಯುವಂಥವು ಉಂಟು. ಮೇಲಿಂದ ಚಿವುಟಿದರೆ ಆ ಚೀಲ ಮಣ್ಣಿನಲ್ಲೇ ಉಳಿಯುತ್ತದೆ. ಸುತ್ತ ಕೆದರಿ, ಬುಡಸಮೇತ ತೆಗೆದು ನೋಡತಕ್ಕದ್ದು.

“ಬಳ್ಳೊಳ್ಳಿ ಹಾಕಿ ಕುದಿಸೀನ್ರೀ, ಕಪ್ಪಾಗಲಿಲ್ಲ, ತಿಂದ್ರ ಏನೂ ಹರಕತ್ತಿಲ್ಲ” ಎನ್ನುವವರಿದ್ದಾರೆ. ಬೆಳ್ಳಿ ನಾಣ್ಯ ಹಾಕಿ ನೋಡುವವರೂ ಇದ್ದಾರೆ. ಹುಳ ತಿಂದ ಅಣಬೆ ಮನುಷ್ಯರಿಗೂ ಆಗುತ್ತದೆಂಬ ಮಾತೂ ಇದೆ. ಇವು ಯಾವುವೂ ನಂಬತಕ್ಕವಲ್ಲ. ಕೊಲ್ಲುವ ವಿಷ ಕುದಿಸಿದರೂ ಒಣಗಿಸಿದರೂ ಹೋಗುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕಾಡಣಬೆ ತಿಂದು 13 ಜನ ಸತ್ತರು. ಅವರಲ್ಲಿ ಚಹಾ ತೋಟದ ಕೂಲಿ ಮನೆತನದವರೇ ಹೆಚ್ಚು, ಮಗುವೂ ಒಂದಿತ್ತು.

ವರ್ಷವರ್ಷವೂ ಅದೇ ಹುತ್ತದಿಂದ ಕಿತ್ತು ಉಂಡ ಹಿರಿಯರು ಜೊತೆಗಿಲ್ಲದಿದ್ದರೆ ಅಣಬೆಗೆ ಕೈ ಹಚ್ಚಬೇಡಿರಿ. ಅವರಿಗೇ ಅನುಮಾನ ಬಂದರೆ ಬಿಟ್ಟು ಬರುವುದೇ ಲೇಸು. ಕಾರ್ಖಾನೆ ಬದಿಯದು, ಡಾಂಬರು ರಸ್ತೆ ಮಗ್ಗುಲದ್ದು, ಔಷಧ ಹೊಡೆದ ಹೊಲದ್ದು ಒಳ್ಳೆಯ ಜಾತಿಯದಾದರೂ ಬೇಡ. ಅಣಬೆ ನೆಲದೊಳಗಿನ ವಿಷ ಹೀರಿಕೊಳ್ಳುತ್ತದೆ.

ಇನ್ನೊಂದು ಮಾತು, ಮನೆಯ ಹೆಣ್ಣುಮಕ್ಕಳಿಗೂ ತಿಳಿಸಿರಿ. ರಾತ್ರಿ ಉಂಡು ಬೆಳಗಿನ ಜಾವ, ಅಂದರೆ ಆರು ತಾಸು ದಾಟಿದ ಮೇಲೆ ವಾಂತಿ-ಭೇದಿ ಸುರುವಾದರೆ ಅದು ಹೆಚ್ಚು ಅಪಾಯದ ಗುರುತು. ನಡುವೆ ಒಂದು ದಿನ ಹಗುರಾದಂತೆ ಕಾಣಿಸಿ, ಒಳಗೆ ಯಕೃತ್ತು ಕೆಡುತ್ತಿರುತ್ತದೆ. ಮಜ್ಜಿಗೆ ಕುಡಿಸಿ ಮಲಗಿಸಬೇಡಿರಿ. 108ಕ್ಕೆ ಫೋನು ಮಾಡಿ ಕಲಬುರಗಿಯ ದೊಡ್ಡ ದವಾಖಾನೆಗೆ ಒಯ್ಯಿರಿ. ಜೊತೆಗೆ ಉಂಡವರಿಗೆ ಇನ್ನೂ ಏನೂ ಆಗಿರದಿದ್ದರೂ ಅವರನ್ನೂ ಕರೆದೊಯ್ಯಿರಿ. ಉಳಿದ ಅಣಬೆಯನ್ನು, ಅಡಿಗೆಯಾದದ್ದಿದ್ದರೂ ಸರಿ, ಕಾಗದದಲ್ಲಿ ಸುತ್ತಿ ಡಾಕ್ಟರರ ಕೈಗೆ ಕೊಡಿರಿ.