ಮೂತ್ರಕೋಶದ ಬೇನೆಯೂ ಹಾರ್ಮೋನಿನ ಪರೀಕ್ಷೆಯೂ

ಸಹಿಸುವುದಕ್ಕಿಂತ ಹೇಳಿಕೊಳ್ಳುವುದೇ ಕಷ್ಟವಾದ ರೋಗಗಳು ಕೆಲವುಂಟು. ಮೂತ್ರಕೋಶದ ದೀರ್ಘಕಾಲದ ಬೇನೆ ಅವುಗಳಲ್ಲೊಂದು. ಕೋಶವು ತುಂಬುತ್ತ ಬಂದಂತೆ ಕಿಬ್ಬೊಟ್ಟೆಯಲ್ಲಿ ನೋವೇಳುತ್ತದೆ. ಬರಿದಾದರೆ ಕೊಂಚ ಶಮನ. ಹಗಲಿರುಳೆನ್ನದೆ ಮತ್ತೆ ಮತ್ತೆ ಏಳಬೇಕು. ಮೂತ್ರವನ್ನು ಪರೀಕ್ಷಿಸಿದರೆ ಕ್ರಿಮಿಗಳು ಕಾಣುವುದಿಲ್ಲ. ಪುರುಷರಿಗಿಂತ ಸ್ತ್ರೀಯರೇ ಇದಕ್ಕೆ ಹೆಚ್ಚಾಗಿ ಗುರಿಯಾಗುತ್ತಾರೆ. "ಎಲ್ಲವೂ ಮನಸ್ಸಿನ ಭ್ರಮೆ" ಎಂಬ ಮಾತನ್ನು ಕೇಳಿ ಹಿಂದಿರುಗಿದವರು ಅವರಲ್ಲಿ ಅನೇಕರು. ಅಮೆರಿಕದ ಬಾಲ್ಟಿಮೋರಿನಲ್ಲಿದ್ದ ಗೈ ಹನ್ನರ್ ಎಂಬ ವೈದ್ಯರು 1915ರಲ್ಲಿ ಇಂಥ ಕೆಲವರ ಮೂತ್ರಕೋಶದ ಗೋಡೆಯಲ್ಲಿ ಹುಣ್ಣುಗಳನ್ನು ಕಂಡು ವರ್ಣಿಸಿದರು. ಹೆಚ್ಚಿನ ರೋಗಿಗಳಲ್ಲಿ ಹುಣ್ಣೂ ಕಾಣದು. ಬೇನೆ ಮಾತ್ರ ನಿಜ.

ಇದಕ್ಕೆ ಹಾರ್ಮೋನಿನಿಂದ ಚಿಕಿತ್ಸೆ ಸಾಧ್ಯವೇ ಎಂಬುದು ಸಹಜವಾದ ಪ್ರಶ್ನೆ. ಹಾರ್ಮೋನು ಎಂದರೆ ಗ್ರಂಥಿಗಳು ನೇರವಾಗಿ ರಕ್ತಕ್ಕೆ ಸೇರಿಸುವ ದ್ರವ್ಯ. ಒಂದೆಡೆ ಹುಟ್ಟಿ ದೂರದ ಅಂಗಕ್ಕೆ ಆಜ್ಞೆಯನ್ನು ಮುಟ್ಟಿಸುವ ದೂತ. ಅಂಡಾಶಯದಲ್ಲಿ ಹುಟ್ಟುವ ಈಸ್ಟ್ರೊಜೆನ್ ಅಂಥದೊಂದು. ಆ ಆಜ್ಞೆಯನ್ನು ಗ್ರಹಿಸುವ ಜೀವಕೋಶಗಳು ಮೂತ್ರಕೋಶದಲ್ಲಿಯೂ ಇವೆ. ಅನೇಕ ಸ್ತ್ರೀಯರಲ್ಲಿ ಮುಟ್ಟಿಗೆ ಮುಂಚಿನ ದಿನಗಳಲ್ಲಿ ಬೇನೆ ಹೆಚ್ಚುವುದೂ ಉಂಟು. ಹೀಗಿರಲಾಗಿ ಹಾರ್ಮೋನನ್ನು ಕೊಟ್ಟೋ ತಡೆದೋ ಬೇನೆಯನ್ನು ಹತೋಟಿಗೆ ತರಬಹುದೆಂಬ ಊಹೆ ಯುಕ್ತವೇ. ಆದರೆ ಯುಕ್ತವಾದ ಮಾತ್ರಕ್ಕೆ ಊಹೆ ಸಿದ್ಧಾಂತವಾಗದು.

ಏಕೆಂದರೆ ಈ ಬೇನೆ ತನ್ನಷ್ಟಕ್ಕೆ ತಾನೇ ಏರಿ ಇಳಿಯುವಂಥದು. ರೋಗಿ ವೈದ್ಯರ ಬಳಿಗೆ ಹೋಗುವುದು ಅದು ತುತ್ತತುದಿಗೇರಿದಾಗ. ಅಂದು ಯಾವ ಔಷಧವನ್ನು ಕೊಟ್ಟರೂ ಮುಂದಿನ ವಾರ ಕೊಂಚ ಇಳಿದಿರುವುದು ಸಂಭವವೇ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸಂಬಂಧ ಕಲ್ಪಿಸುವ ಮನಸ್ಸು ಆಗ ಔಷಧಕ್ಕೆ ಕೀರ್ತಿ ಕಟ್ಟುತ್ತದೆ.

ಹಾರ್ಮೋನಲ್ಲದ ಒಂದು ಔಷಧದ ಕಥೆ ಇದಕ್ಕೆ ನಿದರ್ಶನ. ಪೆಂಟೊಸಾನ್ ಪಾಲಿಸಲ್ಫೇಟ್ ಎಂಬುದಕ್ಕೆ ಅಮೆರಿಕದ ಸರ್ಕಾರ 1996ರಲ್ಲಿ ಈ ಬೇನೆಗೆಂದೇ ಅನುಮತಿಯಿತ್ತಿತು. 2015ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ 368 ರೋಗಿಗಳನ್ನು ಮೂರು ಗುಂಪು ಮಾಡಿ, ಎರಡಕ್ಕೆ ಬೇರೆ ಬೇರೆ ಪ್ರಮಾಣದಲ್ಲಿ ಔಷಧವನ್ನೂ ಒಂದಕ್ಕೆ ನೋಟದಲ್ಲಿ ಅದರಂತೆಯೇ ಇದ್ದ ನಿಸ್ಸತ್ವ ಗುಳಿಗೆಯನ್ನೂ ಕೊಟ್ಟರು. ಮೂರರಲ್ಲಿಯೂ ನೂರಕ್ಕೆ ಸುಮಾರು 40 ಮಂದಿಗೆ ಗುಣ ಕಂಡಿತು! ಆ ನಿಸ್ಸತ್ವ ಗುಳಿಗೆಯ ಗುಂಪು ಇಲ್ಲದಿದ್ದರೆ ಔಷಧವೇ ಗೆದ್ದಿತೆಂದು ನಂಬುತ್ತಿದ್ದೆವು.

ಹಾರ್ಮೋನುಗಳ ವಿಷಯದಲ್ಲಿಯೂ ಇಂಥ ಪಾಠ ಒದಗಿದೆ. ಅದು ಬೇನೆಗೆ ಸಂಬಂಧಿಸಿದ್ದಲ್ಲ, ಮೂತ್ರ ತಡೆಯಲಾರದ ತೊಂದರೆಗೆ ಸಂಬಂಧಿಸಿದ್ದು. ಮುಟ್ಟು ನಿಂತವರು ಈಸ್ಟ್ರೊಜೆನ್ ನುಂಗಿದರೆ ಆ ತೊಂದರೆ ತಗ್ಗುವುದೆಂದು ಹಲವು ವೈದ್ಯರು ಬಹುಕಾಲ ನಂಬಿದ್ದರು. ಅಮೆರಿಕದಲ್ಲಿ 27,347 ಸ್ತ್ರೀಯರ ಮೇಲೆ ನಡೆದ 'ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್' ಪರೀಕ್ಷೆಗಳ 2005ರ ವರದಿ ಇದಕ್ಕೆ ವಿರುದ್ಧವಾಗಿ ನುಡಿಯಿತು: ಮೊದಲು ತೊಂದರೆಯಿಲ್ಲದಿದ್ದವರ ಪೈಕಿ, ಒಂದು ವರ್ಷದ ತರುವಾಯ, ಹಾರ್ಮೋನು ಸೇವಿಸಿದವರಲ್ಲಿಯೇ ಅದು ಹೆಚ್ಚಾಗಿ ಕಾಣಿಸಿಕೊಂಡಿತ್ತು. ಈಸ್ಟ್ರೊಜೆನ್ನಿಗೆ ಪ್ರೊಜೆಸ್ಟಿನ್ ಸೇರಿಸಿ ಕೊಡುತ್ತಿದ್ದ ಭಾಗವನ್ನಂತೂ, ಸ್ತನದ ಕ್ಯಾನ್ಸರ್ ಹೆಚ್ಚಿದುದು ಕಂಡುಬಂದು, 2002ರಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು.

ಹಾಗಾದರೆ ಮೂತ್ರಕೋಶದ ಬೇನೆಗೆ ಹಾರ್ಮೋನನ್ನು ಪರೀಕ್ಷಿಸುವ ಕ್ರಮವೇನು? ಯಾರಿಗೆ ಹಾರ್ಮೋನು, ಯಾರಿಗೆ ನಿಸ್ಸತ್ವ ಗುಳಿಗೆ ಎಂಬುದನ್ನು ಚೀಟಿಯೆತ್ತಿದಂತೆ ಗೊತ್ತುಮಾಡಬೇಕು. ಅದು ರೋಗಿಗೂ ತಿಳಿಯಬಾರದು, ವೈದ್ಯರಿಗೂ ತಿಳಿಯಬಾರದು. ಗುಣವೆಂದರೆ ಎಷ್ಟು ಎಂಬ ಅಳತೆಯನ್ನು ಮೊದಲೇ ಬರೆದಿಡಬೇಕು. ಬೇನೆ ತಿಂಗಳಿಗೊಮ್ಮೆ ಏರುವುದಾದರೆ ಹಲವು ತಿಂಗಳು ಕಾಯಬೇಕು. ಪ್ರಯೋಜನದಷ್ಟೇ ಶ್ರದ್ಧೆಯಿಂದ ಅಪಾಯಗಳನ್ನೂ ಎಣಿಸಬೇಕು. ರೋಗಿಗೆ ಇದೆಲ್ಲವನ್ನೂ ಮೊದಲೇ ವಿವರಿಸಿ ಒಪ್ಪಿಗೆ ಪಡೆದಿರಬೇಕು.

ನಿಸ್ಸತ್ವ ಗುಳಿಗೆಯಿಂದ ನೋವು ತಗ್ಗಿತೆಂದಮಾತ್ರಕ್ಕೆ ನೋವೇ ಸುಳ್ಳೆಂದು ಯಾರೂ ಭಾವಿಸಬಾರದು. ಗಾಯದ ನೋವು ಕೂಡ ಭರವಸೆಯಿಂದ ಕೊಂಚ ತಗ್ಗುವುದುಂಟು. ನೊಂದವರ ಮಾತನ್ನು ನಂಬುವುದು, ಔಷಧದ ಕೀರ್ತಿಯನ್ನು ಶಂಕಿಸುವುದು, ಇವೆರಡೂ ಒಂದಕ್ಕೊಂದು ವಿರೋಧವಲ್ಲ. ಬೇನೆ ನಿಜವೆಂದು ಒಪ್ಪಿದ ಕಾರಣದಿಂದಲೇ ಅದಕ್ಕೆ ನಿಜವಾದ ಮದ್ದನ್ನು ಹುಡುಕುವ ಹೊಣೆ ವೈದ್ಯಶಾಸ್ತ್ರದ ಮೇಲೆ ಬೀಳುತ್ತದೆ.