ಲೈಟ್‌ಹೌಸ್ ಹಿಲ್ ರಸ್ತೆ: ಗೋಡೆ ಉಳಿದರೆ ಚಿತ್ರವೂ ಉಳಿದೀತು

ಮಂಗಳೂರಿನ ಹಂಪನಕಟ್ಟೆಯಲ್ಲಿರುವ ಮಿಲಾಗ್ರಿಸ್ ಇಗರ್ಜಿಯನ್ನು 1680ರಲ್ಲಿ ಬಿಷಪ್ ತೋಮಸ್ ದಿ ಕ್ಯಾಸ್ಟ್ರೊ ಅವರು ಸ್ಥಾಪಿಸಿದರು. 1784ರಲ್ಲಿ ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ ನೆಲಸಮವಾದರೂ ಅದು ಮತ್ತೆ ಎದ್ದು ನಿಂತಿತು. ಹಂಪನಕಟ್ಟೆಯಿಂದ ಲೈಟ್‌ಹೌಸ್ ಹಿಲ್ ರಸ್ತೆಯಲ್ಲಿ ಗುಡ್ಡ ಹತ್ತಿದರೆ, 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜು ಸಿಗುತ್ತದೆ.

ಕಾಲೇಜಿನ ಪ್ರಾರ್ಥನಾ ಮಂದಿರದ ಚಿತ್ರಗಳನ್ನು ಬರೆದವರು ಇಟಲಿಯಿಂದ ಬಂದ ಯೇಸುಸಭೆಯ ಬ್ರದರ್ ಆಂಟೋನಿಯೊ ಮೊಸ್ಕೇನಿ. ಕಾಲ 1899ರಿಂದ 1901. ಗೋಡೆಯ ಚಿತ್ರಗಳು ಫ್ರೆಸ್ಕೊ ವಿಧಾನದವು. ಹಸಿ ಗಾರೆಯ ಮೇಲೆ ಬಳಿದ ಬಣ್ಣ ಗಾರೆಯೊಡನೆ ಒಂದಾಗಿ ಗಟ್ಟಿಯಾಗುತ್ತದೆ. ಆದುದರಿಂದ ಗೋಡೆಗೆ ನೀರಿಳಿದರೆ ಚಿತ್ರವೂ ಕೆಡುತ್ತದೆ. 1990ರ ದಶಕದಲ್ಲಿ ಇವುಗಳ ಜೀರ್ಣೋದ್ಧಾರ ನಡೆಯಿತು.

ನಮ್ಮ ಧರ್ಮಕೇಂದ್ರಗಳ ಹಳೆಯ ಇಗರ್ಜಿಗಳಿಗೂ ಇದು ಪಾಠ. ಹೊಸ ಬಣ್ಣಕ್ಕೆ ಹಣ ಕೂಡಿಸುವ ಮೊದಲು, ಮಳೆಗಾಲಕ್ಕೆ ಮುನ್ನ, ಮಾಡಿನ ಹಂಚು ಸರಿಪಡಿಸೋಣ.